ಮೀನಿನ ನಿಜ ಲೆಕ್ಕ ಕೊಟ್ಟರೆ ನಿಷೇಧ ಬರುತ್ತದಾ?

ಪ್ರಶ್ನೆ: ಬೈತಖೋಲ ಬಂದರಿಗೆ ಆಗಾಗ ಸಂಶೋಧನಾ ಕೇಂದ್ರದವರು ನೋಟ್‌ಬುಕ್ ಹಿಡಿದುಕೊಂಡು ಬರುತ್ತಾರೆ. ಎಷ್ಟು ದಿನ ಕಡಲಲ್ಲಿದ್ದಿರಿ, ಎಷ್ಟು ಆಳದಲ್ಲಿ ಬಲೆ ಬಿಟ್ಟಿರಿ, ಎಷ್ಟು ಮೀನು ಬಂತು ಅಂತ ಕೇಳುತ್ತಾರೆ. ನಮ್ಮ ತಾಂಡೇಲರು (ಬೋಟು ನಡೆಸುವವರು) ಅರ್ಧಕ್ಕರ್ಧ ಕಡಿಮೆ ಹೇಳಿ ಕಳಿಸುತ್ತಾರೆ. ನಿಜ ಹೇಳಿದರೆ ನಮಗೇನು ಲಾಭ? (ಕಾರವಾರದ ಓದುಗರೊಬ್ಬರು)

ಈ ಪ್ರಶ್ನೆ ತದಡಿಯಿಂದ ಬಂದಿದೆ, ಹೊನ್ನಾವರದಿಂದ ಬಂದಿದೆ, ಭಟ್ಕಳದಿಂದಲೂ ಬಂದಿದೆ. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗೆ ಇಳಿದವೋ, ಪ್ರಶ್ನೆಯೂ ಇಳಿಯುತ್ತದೆ. ಪ್ರತಿ ಸಲ ಉತ್ತರ ಬರೆದು ಸಾಕಾಗಿದೆ. ಈ ಸಲ ಉದ್ದಕ್ಕೇ ಬರೆಯುತ್ತೇನೆ. ದಯವಿಟ್ಟು ನಿಮ್ಮ ಬೋಟಿನ ವಾಟ್ಸಾಪ್ ಗ್ರೂಪಿಗೆ ಹಾಕಿ.

ನೋಟ್‌ಬುಕ್ ಹಿಡಿದು ಬರುವವರು ಸಿಎಂಎಫ್‌ಆರ್‌ಐ ಅಂದರೆ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು. ಸಂಸ್ಥೆ ಶುರುವಾದದ್ದು 1947ರಲ್ಲಿ. ಮುಖ್ಯ ಕಚೇರಿ ಕೊಚ್ಚಿಯಲ್ಲಿ, ನಮ್ಮ ಕಾರವಾರದಲ್ಲೂ ಒಂದು ಕೇಂದ್ರ ಇದೆ. ಕಡಲಲ್ಲಿ ಪಂಜರ ಕಟ್ಟಿ ಮೀನು ಸಾಕುವುದನ್ನು ಇಲ್ಲಿ ಮಾಡಿ ತೋರಿಸಿದವರು ಇವರೇ. ಇವರು ಮೀನುಗಾರಿಕೆ ಇಲಾಖೆಯವರಲ್ಲ. ಕೋಸ್ಟ್ ಗಾರ್ಡ್ ಅಲ್ಲ. ತೆರಿಗೆಯವರಂತೂ ಅಲ್ಲವೇ ಅಲ್ಲ. ನಿಮ್ಮ ಲೈಸೆನ್ಸ್ ಮುಟ್ಟುವ ಅಧಿಕಾರ ಇವರಿಗಿಲ್ಲ.

ಆದರೂ ಒಂದು ನಂಬಿಕೆ ಧಕ್ಕೆಯ (ಬೋಟು ನಿಲ್ಲುವ ಕಟ್ಟೆಯ) ಮೇಲೆ ಗಟ್ಟಿಯಾಗಿ ಕೂತಿದೆ. "ಇವರಿಗೆ ಲೆಕ್ಕ ಕೊಟ್ಟರೆ ಅದು ಮೇಲೆ ಹೋಗ್ತದೆ, ಮೇಲಿಂದ ನಿಷೇಧ ಬರ್ತದೆ, ಇಲ್ಲಾಂದ್ರೆ ಡೀಸೆಲ್ ಸಬ್ಸಿಡಿ ಕಟ್ಟಾಗ್ತದೆ." ಅಪ್ಪ ಮಗನಿಗೆ ಹೇಳಿಕೊಡುತ್ತಾನೆ, ತಾಂಡೇಲ ಖಲಾಸಿಗೆ ಹೇಳಿಕೊಡುತ್ತಾನೆ. ಕೇಳಿ ಕೇಳಿ ನನಗೆ ಬೇಜಾರಾಗಿದೆ, ಆದರೆ ಹೆದರಿಕೆ ಎಲ್ಲಿಂದ ಬಂತು ಅನ್ನುವುದು ಅರ್ಥವಾಗುತ್ತದೆ. ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಜನ ಇಲ್ಲಿ ಇದ್ದಾರೆ. ಕಾರವಾರದಿಂದ ಅಂಕೋಲಾವರೆಗೆ "ಸರ್ವೆ" ಅಂದರೆ ಹಿರಿಯರಿಗೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ. ಅಂಥವರ ಮುಂದೆ ಯಾರೋ ಪೆನ್ನು ತೆಗೆದರೆ ಅನುಮಾನ ಬಾರದೇ ಇರುತ್ತದಾ? ಹೆದರಿಕೆಗೆ ಕಾರಣ ಇದೆ. ಲೆಕ್ಕ ಮುಚ್ಚಿಡುವುದು ಅದಕ್ಕೆ ಮದ್ದಲ್ಲ.

ಮೊದಲು ನಿಷೇಧದ ಮಾತು. ದಡದಿಂದ 12 ನಾಟಿಕಲ್ ಮೈಲಿವರೆಗೆ ನಿಯಮ ಮಾಡುವುದು ರಾಜ್ಯ ಸರ್ಕಾರ, 1986ರ ಕರ್ನಾಟಕದ ಕಡಲ ಮೀನುಗಾರಿಕೆ ಕಾಯ್ದೆಯ ಪ್ರಕಾರ. ಅದರಾಚೆ 200 ಮೈಲಿವರೆಗೆ ಕೇಂದ್ರ ಸರ್ಕಾರ. ಮಳೆಗಾಲದ ರಜೆ 47 ದಿನ ಇದ್ದದ್ದು 2015ರಲ್ಲಿ 61 ದಿನ ಆಯಿತು. ನಮಗೆ ಜೂನ್ 1ರಿಂದ ಜುಲೈ 31. ಅದನ್ನೂ ಕೆಲವರು ಈ ನೋಟ್‌ಬುಕ್ಕಿನ ಕೊರಳಿಗೇ ಕಟ್ಟುತ್ತಾರೆ. ಸ್ವಾಮಿ, ಅದು ಪಶ್ಚಿಮ ಕರಾವಳಿಗೆ ಮಾತ್ರ ಬಂದದ್ದಲ್ಲ. ಪೂರ್ವ ಕರಾವಳಿಗೂ ಅಷ್ಟೇ ದಿನ, ತಿಂಗಳು ಬೇರೆ. ಬೈತಖೋಲದಲ್ಲಿ ಯಾರೋ ಬಂಗಡೆಯ ನಿಜ ತೂಕ ಹೇಳಿದ್ದಕ್ಕೆ ಆಂಧ್ರದ ಬೋಟು ದಡಕ್ಕೆ ಬರಲಿಲ್ಲ.

ಸಂಸ್ಥೆಯವರು ಪ್ರಕಟಿಸುವುದು ರಾಜ್ಯಕ್ಕೆ ಒಟ್ಟು ಎಷ್ಟು, ಯಾವ ಜಾತಿ ಎಷ್ಟು, ಯಾವ ಬಗೆಯ ಬಲೆಗೆ ಎಷ್ಟು ಅನ್ನುವ ಅಂದಾಜು. ಅದರಲ್ಲಿ ನಿಮ್ಮ ಬೋಟಿನ ಹೆಸರು ಬರುವುದಿಲ್ಲ, ನಿಮ್ಮ ಹೆಸರೂ ಬರುವುದಿಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಇದನ್ನು ನಿಧಾನ ಓದಿ. ಕಡಲಲ್ಲಿರುವ ಮೀನನ್ನು ಯಾರೂ ಎಣಿಸಲಾರರು. ಹಾಗಾಗಿ ವಿಜ್ಞಾನಿಗಳು ನೋಡುವುದು ಇಷ್ಟು ಹೊತ್ತು ಬಲೆ ಎಳೆದರೆ ಎಷ್ಟು ಮೀನು ಬಂತು ಅನ್ನುವುದನ್ನು. ಹೋದ ವರ್ಷ ನೀವು ಹತ್ತು ಗಂಟೆ ಎಳೆದಿರಿ, 200 ಕಿಲೋ ಬಂತು, ನಿಜವನ್ನೇ ಹೇಳಿದಿರಿ ಅಂತಿಟ್ಟುಕೊಳ್ಳಿ. ಈ ವರ್ಷವೂ ಹತ್ತು ಗಂಟೆ, 200 ಕಿಲೋ. ಆದರೆ ಹೆದರಿ 100 ಅಂದಿರಿ. ಪುಸ್ತಕದಲ್ಲಿ ಈಗ ಏನು ಕಾಣುತ್ತದೆ? ಕಡಲಲ್ಲಿ ಮೀನು ಅರ್ಧಕ್ಕೆ ಇಳಿದಿದೆ! ಧಕ್ಕೆಯಲ್ಲಿದ್ದವರೆಲ್ಲ ಹೀಗೇ ಹೇಳಿದರೆ ಮೀನು ಖಾಲಿ ಆಗುತ್ತಿದೆ ಅನ್ನುವ ತೀರ್ಮಾನಕ್ಕೆ ಬರದೆ ಬೇರೆ ದಾರಿಯೇ ಇರುವುದಿಲ್ಲ. ಕಡಲು ಬರಿದಾಗುತ್ತಿದೆ ಅಂದರೆ ಸರ್ಕಾರ ಏನು ಮಾಡುತ್ತದೆ ಹೇಳಿ. ನಿಯಮ ಬಿಗಿ ಮಾಡುತ್ತದೆ. ನಿಷೇಧಕ್ಕೆ ಹೆದರಿ ಹೇಳಿದ ಸುಳ್ಳು ನಿಷೇಧವನ್ನೇ ಕರೆದುಕೊಂಡು ಬರುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ "ಇಲ್ಲ ಸರ್, ಕಡಿಮೆ ಹೇಳೋದೇ ಸೇಫ್" ಅನ್ನುತ್ತಾರೆ. ಸೇಫ್ ಅಲ್ಲ. ನಿಮ್ಮ ಕಾಲಿಗೆ ನೀವೇ ಕೊಡಲಿ ಹಾಕಿಕೊಂಡ ಹಾಗೆ.

ಇನ್ನೊಂದು ದೂರು ಕೇಳುತ್ತೇನೆ. "ಎಲ್ಲೋ ಒಂದು ದಿನ ಬಂದು ಇಡೀ ಕರಾವಳಿಯ ಲೆಕ್ಕ ಹೇಳ್ತಾರೆ." ಅನ್ನ ಬೆಂದಿದೆಯಾ ಅಂತ ನೋಡಲು ಒಂದು ಅಗುಳು ಸಾಕು ಅನ್ನುತ್ತೇವೆ ಅಲ್ವಾ? ಆದರೆ ಪಾತ್ರೆಯನ್ನು ಚೆನ್ನಾಗಿ ಕಲಸಿರಬೇಕು. ಈ ಕೆಲಸದಲ್ಲಿ ಕಲಸುವುದು ಅಂದರೆ ಚೀಟಿ ಎತ್ತಿದ ಹಾಗೆ ದಿನ ಆರಿಸುವುದು. ತಿಂಗಳನ್ನು ಹತ್ತು ಹತ್ತು ದಿನದ ಮೂರು ಭಾಗ ಮಾಡಿ, ಯಾವ ಬಂದರಿಗೆ ಯಾವ ದಿನ ಹೋಗಬೇಕು ಅನ್ನುವುದನ್ನು ಮೊದಲೇ ಆರಿಸಿರುತ್ತಾರೆ. ಬೋಟುಗಳು ಹದಿನೈದರೊಳಗೆ ಬಂದರೆ ಎಲ್ಲವನ್ನೂ ನೋಡಬೇಕು, ಜಾಸ್ತಿ ಬಂದರೆ ಲೆಕ್ಕದ ಪ್ರಕಾರ ಕೆಲವನ್ನು. ಮೀನು ಬಿದ್ದ ದಿನವೇ ಬರಬೇಕು ಅಂತ ಇಲ್ಲ. ನೀವು ಖಾಲಿ ಬಂದ ದಿನವೂ ಅವರಿಗೆ ಬೇಕು.

ನನ್ನ ಹತ್ತಿರ ಓದಿದ ಹುಡುಗಿಯೊಬ್ಬಳು ಈಗ ಇಂಥದ್ದೇ ಕೆಲಸ ಮಾಡುತ್ತಾಳೆ. ಅವಳನ್ನು ಧಕ್ಕೆಯ ಮೇಲೆ ನೋಡಿದಾಗ ಹೆಮ್ಮೆಯಾಯಿತು. ಬಂಗಡೆಯನ್ನು ಅಳತೆ ಹಲಗೆಯ ಮೇಲೆ ಮಲಗಿಸಿ, ಬಾಯಿ ಮುಚ್ಚಿ, ಮೂತಿಯಿಂದ ಬಾಲದ ತುದಿಯವರೆಗೆ ಅಳೆದಳು. ತೂಕ ಹಾಕಿದಳು. ಹೊಟ್ಟೆ ಸೀಳಿ ಮೊಟ್ಟೆಚೀಲ ಎಷ್ಟು ಬೆಳೆದಿದೆ ಅಂತ ನೋಡಿದಳು. ಎಳೆಯದಾದರೆ ತೆಳ್ಳಗೆ ನೂಲಿನಂತೆ ಇರುತ್ತದೆ, ಬಲಿತದ್ದಾದರೆ ಹಳದಿ ಕಾಳು ಹೊಟ್ಟೆ ತುಂಬಿರುತ್ತದೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನು ಮಾರುವ ಅಕ್ಕ ಹೊಟ್ಟೆ ಒತ್ತಿ ನೋಡಿಯೇ "ಇದರಲ್ಲಿ ಮೊಟ್ಟೆ ಇದೆ, ಅದರಲ್ಲಿಲ್ಲ" ಅಂದರು. ಸೀಳಿದರೆ ಅವರು ಹೇಳಿದ್ದೇ ಸರಿ. ಆ ಅಕ್ಕನಿಗೆ ಗೊತ್ತಿರುವುದು ತಾರೀಖಿನ ಜೊತೆ ಪುಸ್ತಕಕ್ಕೆ ಏರಿದಾಗ, ಬಂಗಡೆ ಯಾವ ತಿಂಗಳು ಮೊಟ್ಟೆ ಇಡುತ್ತದೆ, ಎಷ್ಟು ಉದ್ದದ ಮೀನನ್ನು ಬಿಡಬೇಕು ಅನ್ನುವುದು ಗೊತ್ತಾಗುತ್ತದೆ. ಕೇರಳದಲ್ಲಿ ಬಂಗಡೆಗೆ 14 ಸೆಂಟಿಮೀಟರ್, ಬೂತಾಯಿಗೆ 10 ಸೆಂಟಿಮೀಟರ್ ಅಂತ ಕನಿಷ್ಠ ಅಳತೆ ನಿಗದಿಯಾದದ್ದು ಹೀಗೆ ಅಳೆದ ಲೆಕ್ಕದಿಂದಲೇ.

ಲಾಭ ಏನು ಅಂತ ಕೇಳಿದಿರಿ. 2006ರ ಮೇ ಕೊನೆಗೆ ಓಷನ್ ಸೆರಾಯಾ ಹಡಗು ಕಾರವಾರದ ಹತ್ತಿರ ಬಂಡೆಗೆ ಬಡಿದು ಎಣ್ಣೆ ಸೋರಿದ್ದು ಹಿರಿಯರಿಗೆ ನೆನಪಿದೆ. ಅಂಥದ್ದು ನಾಳೆ ಮತ್ತೆ ಆದರೆ "ನಮಗೆ ಇಷ್ಟು ನಷ್ಟ" ಅಂತ ತೋರಿಸಲು ಮೊದಲು ಎಷ್ಟು ಬರುತ್ತಿತ್ತು ಅನ್ನುವ ದಾಖಲೆ ಬೇಕು. ವರ್ಷಗಟ್ಟಲೆ ಅರ್ಧ ಹೇಳಿದ್ದರೆ ಪರಿಹಾರವೂ ಅರ್ಧಕ್ಕೇ. ಲೈಟ್ ಫಿಶಿಂಗ್ ಗಲಾಟೆಯೂ ಹಾಗೇ. ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಮತ್ತು ಎಲ್‌ಇಡಿ ದೀಪದ ಮೀನುಗಾರಿಕೆಯನ್ನು ಕೇಂದ್ರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಅದು ಬೇಕು ಅಂತ ಕೂಗಿದವರಲ್ಲಿ ನಮ್ಮ ನಾಡದೋಣಿಯವರೂ ಇದ್ದರು. ಮರಿಮೀನು ಬಾಚಿಕೊಂಡು ಹೋಗುತ್ತಾರೆ ಅಂತ ಬಾಯಲ್ಲಿ ಹೇಳುವುದಕ್ಕೂ, ಅಳೆದು ಬರೆದಿಟ್ಟದ್ದನ್ನು ಮುಂದಿಡುವುದಕ್ಕೂ ಕೋರ್ಟಿನಲ್ಲಿ ಬಹಳ ವ್ಯತ್ಯಾಸ ಇದೆ.

ಸಂಶೋಧಕರಿಗೂ ಒಂದು ಮಾತು ಹೇಳಲೇಬೇಕು. ಲೆಕ್ಕ ತಗೊಂಡು ಹೋದವರು ಅದರಿಂದ ಏನು ಗೊತ್ತಾಯಿತು ಅಂತ ಧಕ್ಕೆಗೆ ವಾಪಸ್ ಬಂದು ಕನ್ನಡದಲ್ಲಿ, ಕೊಂಕಣಿಯಲ್ಲಿ ಹೇಳಬೇಕು. ಇಂಗ್ಲಿಷ್ ವರದಿಯನ್ನು ತಾಂಡೇಲರು ಎಲ್ಲಿ ಹುಡುಕಲಿ?

ಇದೇ ಸಂದರ್ಭದಲ್ಲಿ ಇನ್ನೊಂದು ವಿಷಯ. ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹೈದರಾಬಾದಿನ ಇಂಕಾಯ್ಸ್ ಅನ್ನುವ ಸಾಗರ ಮಾಹಿತಿ ಸಂಸ್ಥೆ ಉಪಗ್ರಹದ ಸಹಾಯದಿಂದ ಮೀನು ಸಿಗಬಹುದಾದ ಜಾಗದ ಮಾಹಿತಿ ಕಳಿಸುತ್ತದೆ. ಇಂಥ ಬಂದರಿನಿಂದ ಇಷ್ಟು ದೂರ, ಇಂಥ ದಿಕ್ಕು, ಇಷ್ಟು ಆಳ ಅಂತ. ಉಪಗ್ರಹಕ್ಕೆ ಮೀನು ಕಾಣುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಕಾಣುವುದಿಲ್ಲ. ಅದು ನೋಡುವುದು ನೀರಿನ ಮೇಲ್ಪದರದ ಬಿಸಿ ಮತ್ತು ಹಸಿರು. ಬಿಸಿ ನೀರು, ತಂಪು ನೀರು ಸೇರುವ ಗೆರೆಯಲ್ಲಿ ಸಣ್ಣ ಸಸ್ಯಜೀವಿಗಳು ಜಾಸ್ತಿ. ಅವನ್ನು ತಿನ್ನಲು ಮೀನು ಬರುತ್ತದೆ ಅನ್ನುವುದು ಲೆಕ್ಕಾಚಾರ. ಮೋಡ ಕವಿದರೆ ಉಪಗ್ರಹಕ್ಕೆ ಅದೂ ಕಾಣದು. ನೀರು ಒಂದೇ ಕಡೆ ನಿಲ್ಲುವುದಿಲ್ಲ, ಹಾಗಾಗಿ ಹಳೇ ಮೆಸೇಜ್ ನೋಡಿಕೊಂಡು ಡೀಸೆಲ್ ಸುಡಬೇಡಿ. ಆ ಜಾಗಕ್ಕೆ ಹೋಗಿ ಬಲೆ ಬಿಟ್ಟು ಬರಿಗೈಲಿ ಬಂದರೆ ಬೈದುಕೊಂಡು ಸುಮ್ನೆ ಕೂರಬೇಡಿ, ಅದನ್ನೂ ತಿಳಿಸಿ. ಮೀನು ಸಿಕ್ಕವರು ಮಾತ್ರ ಹೇಳಿದರೆ ಮಾಹಿತಿ ಎಲ್ಲಿ ತಪ್ಪುತ್ತಿದೆ ಅನ್ನುವುದು ಕಳಿಸುವವರಿಗೆ ಗೊತ್ತಾಗುವುದೇ ಇಲ್ಲ.