ಗೇಮ್ ಅಪ್‌ಡೇಟ್ ರಿವ್ಯೂನಲ್ಲೇ ನಿಂತಿದೆ, ವಾಪಸ್ ತೆಗೆದು ಮತ್ತೆ ಕಳಿಸಬೇಕೆ?

ಓದುಗರ ಪ್ರಶ್ನೆ: ನಮ್ಮದು ಸಣ್ಣ ಮಲ್ಟಿಪ್ಲೇಯರ್ ಗೇಮ್. ಹೊಸ ಅಪ್‌ಡೇಟನ್ನು ಎರಡೂ ಸ್ಟೋರ್‌ಗಳಿಗೆ ಒಂದೇ ದಿನ ಕಳಿಸಿದೆವು. ಆಂಡ್ರಾಯ್ಡ್‌ನಲ್ಲಿ ಮರುದಿನವೇ ಬಂತು. ಐಫೋನಿನದು ಮೂರು ದಿನದಿಂದ ‘ವೇಟಿಂಗ್ ಫಾರ್ ರಿವ್ಯೂ’ (ಸ್ಟೋರಿನ ಪರಿಶೀಲನೆಗೆ ಕಾಯುತ್ತಿದೆ) ಎಂದೇ ತೋರಿಸುತ್ತಿದೆ. ಐಫೋನ್ ಆಟಗಾರರು ದಿನವೂ ಕೇಳುತ್ತಿದ್ದಾರೆ. ವಾಪಸ್ ತೆಗೆದು ಮತ್ತೆ ಕಳಿಸಿದರೆ ಬೇಗ ಆಗುತ್ತದೆಯೇ?

ಉತ್ತರ: ಬೇಡ. ವಾಪಸ್ ತೆಗೆದ ಕೂಡಲೇ ನಿಮ್ಮ ಸರದಿ ಹೋಗುತ್ತದೆ, ಮತ್ತೆ ಕಳಿಸಿದಾಗ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ. ಹೊಸದಾಗಿ ಕಳಿಸಿದ್ದಕ್ಕೆ ಬೇಗ ಪಾಸಾಯಿತು ಎಂದು ಹೇಳುವವರಿದ್ದಾರೆ. ಅವರದು ಕಾದಿದ್ದರೂ ಅಷ್ಟು ಹೊತ್ತಿಗೆ ಪಾಸಾಗುತ್ತಿತ್ತೋ ಏನೋ, ಅದನ್ನು ತಿಳಿಯುವ ದಾರಿ ಅವರಿಗೂ ಇಲ್ಲ. ಕಳಿಸಿದ ಬಿಲ್ಡ್‌ನಲ್ಲೇ (ಸ್ಟೋರಿಗೆ ಏರಿಸಿದ ಗೇಮಿನ ಫೈಲಿನಲ್ಲೇ) ಆಟವನ್ನು ಕೆಡಿಸುವಂಥ ದೋಷ ಕಣ್ಣಿಗೆ ಬಿದ್ದಿದ್ದರೆ ಮಾತ್ರ ವಾಪಸ್ ತೆಗೆಯಿರಿ. ಬಿಲ್ಡ್ ಬದಲಿಸಲು ಬೇರೆ ದಾರಿಯಿಲ್ಲ, ಆಗ ತಡಮಾಡಬೇಡಿ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಇದಕ್ಕಿಂತ ದೊಡ್ಡ ತೊಂದರೆಯೊಂದು ಅಡಗಿದೆ. ಒಂದು ಸ್ಟೋರ್ ಒಪ್ಪಿಗೆ ಕೊಟ್ಟ ತಕ್ಷಣ ಅಪ್‌ಡೇಟ್ ತಾನಾಗಿಯೇ ಜನರ ಕೈಗೆ ಹೋಗಿದೆ. ಅನುಮೋದನೆ ಬೇರೆ, ಬಿಡುಗಡೆ ಬೇರೆ. ಇವೆರಡನ್ನೂ ಕೂಡಿಸಿ ಇಟ್ಟಿರುವವರೆಗೆ ಪ್ರತಿ ಅಪ್‌ಡೇಟಿನಲ್ಲೂ ಇದೇ ಕಥೆ ನಡೆಯುತ್ತದೆ. ಅದಕ್ಕೆ ಆಮೇಲೆ ಬರೋಣ.

ನಿಜವಾಗಿಯೂ ಸಾಲಿನಲ್ಲಿದೆಯೇ?

ಮೊದಲು ಸ್ಟೇಟಸ್ಸನ್ನು ಇನ್ನೊಮ್ಮೆ ಓದಿ. ಆಪಲ್‌ಗೆ ಆ್ಯಪ್ ಕಳಿಸುವ ಸೈಟಾದ ಆಪ್ ಸ್ಟೋರ್ ಕನೆಕ್ಟ್‌ನಲ್ಲಿ ‘ರೆಡಿ ಫಾರ್ ರಿವ್ಯೂ’ ಮತ್ತು ‘ವೇಟಿಂಗ್ ಫಾರ್ ರಿವ್ಯೂ’ ಎರಡೂ ಬೇರೆ ಬೇರೆ. ‘ರೆಡಿ’ ಎಂದಿದ್ದರೆ ನೀವಿನ್ನೂ ಕಳಿಸಿಯೇ ಇಲ್ಲ. ‘ಆ್ಯಡ್ ಫಾರ್ ರಿವ್ಯೂ’ ಒತ್ತಿದಾಗ ವರ್ಷನ್ ಸಬ್‌ಮಿಷನ್ ಕರಡಿಗೆ ಸೇರುತ್ತದೆ ಅಷ್ಟೆ. ಅದಾದ ಮೇಲೆ ಸಬ್‌ಮಿಟ್ ಬಟನ್ ಒತ್ತಿದರೇ ಸಾಲಿಗೆ ಸೇರುವುದು. ಗೂಗಲ್‌ನ ಪ್ಲೇ ಕನ್ಸೋಲ್‌ನಲ್ಲೂ ಹೀಗೆಯೇ. ರಿಲೀಸ್ ಸೇವ್ ಮಾಡಿ ಬಿಟ್ಟರೆ ಅದು ‘ಪಬ್ಲಿಷಿಂಗ್ ಓವರ್‌ವ್ಯೂ’ ಪುಟದಲ್ಲಿ ಕೂತಿರುತ್ತದೆ. ಅಲ್ಲಿಂದ ರಿವ್ಯೂಗೆ ಕಳಿಸುವ ಬಟನ್ ಒತ್ತಬೇಕು.

ಇದಕ್ಕೆ ತದ್ವಿರುದ್ಧವಾದದ್ದೂ ಆಗುತ್ತದೆ. ಆಪಲ್ ಕಡೆ ‘ಪೆಂಡಿಂಗ್ ಡೆವಲಪರ್ ರಿಲೀಸ್’ ಎಂದಿದ್ದರೆ ರಿವ್ಯೂ ಮುಗಿದಿದೆ, ನೀವು ಬಿಡುಗಡೆ ಬಟನ್ ಒತ್ತುವುದಷ್ಟೇ ಬಾಕಿ. ಪ್ಲೇ ಕಡೆ ‘ಮ್ಯಾನೇಜ್ಡ್ ಪಬ್ಲಿಷಿಂಗ್’ ಆನ್ ಆಗಿದ್ದರೆ ಒಪ್ಪಿಗೆಯಾದ ಬದಲಾವಣೆಗಳು ನೀವು ಪಬ್ಲಿಷ್ ಒತ್ತುವವರೆಗೆ ಅಲ್ಲೇ ಇರುತ್ತವೆ. ತಂಡದಲ್ಲಿ ಬೇರೆ ಯಾರೋ ಈ ಸೆಟ್ಟಿಂಗ್ ಆನ್ ಮಾಡಿದ್ದು ತಿಳಿಯದೆ ದಿನಗಟ್ಟಲೆ ಕಾಯುವುದು ಅಪರೂಪವೇನಲ್ಲ.

ಎಷ್ಟು ದಿನ ಕಾಯುವುದು ಸಹಜ?

ಸರಾಸರಿ ಶೇ 90ರಷ್ಟು ಸಬ್‌ಮಿಷನ್‌ಗಳ ರಿವ್ಯೂ 24 ಗಂಟೆಯೊಳಗೆ ಮುಗಿಯುತ್ತದೆ ಎಂಬುದು ಆಪಲ್‌ನದೇ ಮಾತು. ಉಳಿದ ಶೇ 10ರಲ್ಲಿ ನಿಮ್ಮದೂ ಸೇರಬಹುದು. ಸೆಪ್ಟೆಂಬರಿನಲ್ಲಿ ಹೊಸ ಐಒಎಸ್ ಬರುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಅಪ್‌ಡೇಟ್ ಕಳಿಸುತ್ತಾರೆ. ಡಿಸೆಂಬರ್ ಕೊನೆಯ ರಜೆಯ ದಿನಗಳಲ್ಲಿ ತಡವಾಗಬಹುದೆಂದು ಆಪಲ್ ಮೊದಲೇ ತಿಳಿಸುತ್ತದೆ. ಗೂಗಲ್ ಪ್ಲೇಯಲ್ಲಿ ಬಹುಪಾಲು ಅಪ್‌ಡೇಟ್‌ಗಳು ಬೇಗ ಮುಗಿದರೂ, ಕೆಲವು ಆ್ಯಪ್‌ಗಳಿಗೆ 7 ದಿನ, ವಿಶೇಷ ಸಂದರ್ಭದಲ್ಲಿ ಅದಕ್ಕೂ ಹೆಚ್ಚು ಹಿಡಿಯಬಹುದೆಂದು ಗೂಗಲ್ ಹೇಳುತ್ತದೆ. ಅಲ್ಲಿ ರಿವ್ಯೂ ನಡೆಯುತ್ತಿರುವಾಗಲೇ ಇನ್ನೊಂದು ಬದಲಾವಣೆ ಸೇರಿಸಿದರೆ ಪರಿಶೀಲನೆ ಮೊದಲಿನಿಂದ ಶುರುವಾಗಬಹುದು. ಆದ್ದರಿಂದ ವಿವರಣೆಯಲ್ಲಿ ಒಂದು ಕಾಗುಣಿತ ತಿದ್ದಬೇಕಿದ್ದರೂ ಅಪ್‌ಡೇಟ್ ಹೊರಬೀಳುವವರೆಗೆ ಕೈ ತಡೆದುಕೊಳ್ಳಿ.

‘ವೇಟಿಂಗ್’ ಇರುವಾಗ ನಿಮ್ಮ ಗೇಮನ್ನು ಇನ್ನೂ ಯಾರೂ ತೆರೆದಿಲ್ಲ. ಆದ್ದರಿಂದ ತಡಕ್ಕೆ ಗೇಮಿನಲ್ಲಿ ಏನೋ ಐಬು ಕಂಡಿದ್ದಾರೆಂದು ಊಹಿಸುವುದು ವ್ಯರ್ಥ. ‘ಇನ್ ರಿವ್ಯೂ’ ಆದ ಮೇಲೆ ಒಂದು ದಿನಕ್ಕಿಂತ ಹೆಚ್ಚು ಹಿಡಿದರೆ ಆಗ ರಿವ್ಯೂ ತಂಡದಿಂದ ಮೆಸೇಜ್ ಬಂದಿದೆಯೇ ನೋಡಿ. ಅಕೌಂಟಿನ ಮಾಲೀಕರ ಇಮೇಲ್ ಬೇರೆಯವರದಾಗಿದ್ದರೆ ಆ ಪತ್ರ ನಿಮ್ಮ ಕಣ್ಣಿಗೆ ಬೀಳದೇ ಹೋಗಬಹುದು.

ಮೂರು ದಿನ ದಾಟಿದ ಮೇಲೆ ಆಪಲ್‌ಗೆ ಎಕ್ಸ್‌ಪಿಡೈಟೆಡ್ ರಿವ್ಯೂ, ಅಂದರೆ ಬೇಗ ಪರಿಶೀಲಿಸುವಂತೆ ಕೇಳಬಹುದು. ಡೆವಲಪರ್ ಸೈಟಿನ ಕಾಂಟ್ಯಾಕ್ಟ್ ಪುಟದಲ್ಲಿ ಆಪ್ ರಿವ್ಯೂ ವಿಭಾಗದಡಿ ಅದರ ಅರ್ಜಿ ಇದೆ. ಇದು ಗಂಭೀರ ದೋಷದ ದುರಸ್ತಿಗೆ ಮತ್ತು ದಿನಾಂಕ ಬದಲಿಸಲಾಗದ ಕಾರ್ಯಕ್ರಮಕ್ಕೆ ಮಾತ್ರ. ‘ಆಟಗಾರರು ಕಾಯುತ್ತಿದ್ದಾರೆ’ ಎಂದು ಬರೆದರೆ ಪ್ರಯೋಜನವಿಲ್ಲ. ಈಗ ಸ್ಟೋರಿನಲ್ಲಿರುವ ವರ್ಷನ್‌ನಲ್ಲಿ ಏನು ಕೆಟ್ಟಿದೆ, ಯಾವ ಹೆಜ್ಜೆಗಳಲ್ಲಿ ಅದು ಕಾಣುತ್ತದೆ ಎಂಬುದನ್ನು ಬರೆಯಿರಿ. ನಿಮ್ಮ ವಿಷಯದಲ್ಲಿ, ಹಳೆಯ ವರ್ಷನ್ನಿನ ಐಫೋನ್ ಆಟಗಾರರಿಗೆ ಹೊಸ ಸರ್ವರ್‌ನೊಂದಿಗೆ ಪಂದ್ಯ ಕೂಡುತ್ತಿಲ್ಲ ಎಂದಿದ್ದರೆ ಅದು ಸಕಾರಣವೇ. ಪ್ರತಿ ಅಪ್‌ಡೇಟಿಗೂ ಇದನ್ನು ಕೇಳುವ ಅಭ್ಯಾಸ ಮಾತ್ರ ಬೇಡ. ನಿಜವಾಗಿ ಬೇಕಾದ ದಿನ ನಿಮ್ಮ ಮಾತಿಗೆ ತೂಕ ಉಳಿದಿರಬೇಕು.

ರಿವ್ಯೂನಲ್ಲಿ ಗೇಮ್‌ಗಳು ಎಡವುವುದೆಲ್ಲಿ

ಕಾಯುವ ಹೊತ್ತನ್ನು ಒಂದು ಕೆಲಸಕ್ಕೆ ಬಳಸಿಕೊಳ್ಳಿ. ಸರದಿ ಬಂದಾಗ ತಿರಸ್ಕಾರವಾದರೆ ಮತ್ತೆ ಇಷ್ಟೇ ಕಾಯಬೇಕು. ಗೇಮ್‌ಗಳು ಹೆಚ್ಚಾಗಿ ಸಿಕ್ಕಿಬೀಳುವುದು ಆಪಲ್‌ನ ಗೈಡ್‌ಲೈನ್ 2.1ರಲ್ಲಿ, ಅಂದರೆ ಆ್ಯಪ್ ಪೂರ್ತಿಯಾಗಿ ಕೆಲಸ ಮಾಡಬೇಕೆಂಬ ನಿಯಮದಲ್ಲಿ. ಇದರಲ್ಲಿ ಸರ್ವರಿನ ಪಾಲು ದೊಡ್ಡದು.

ರಿವ್ಯೂ ಮಾಡುವವರ ಕೈಯಲ್ಲಿರುವುದು ಹೊಸ ಬಿಲ್ಡ್. ಅದು ಮಾತಾಡುವುದು ನಿಮ್ಮ ಲೈವ್ ಸರ್ವರಿನ ಜೊತೆ. ಹೊಸ ಬಿಲ್ಡ್‌ಗೆ ಬೇಕಾದ ಸರ್ವರ್ ಕೋಡನ್ನು ‘ಅಪ್ರೂವಲ್ ಆದ ಮೇಲೆ ಹಾಕೋಣ’ ಎಂದು ಇಟ್ಟುಕೊಂಡಿದ್ದರೆ ಅವರಿಗೆ ಕಾಣುವುದು ಎರರ್ ಪರದೆ. ಹಾಗಾಗಿ ಸರ್ವರ್ ಮೊದಲು, ಸಬ್‌ಮಿಷನ್ ಆಮೇಲೆ. ಆ ಸರ್ವರ್ ಹಳೆಯ ವರ್ಷನ್ನನ್ನೂ ಹೊಸದನ್ನೂ ಒಟ್ಟಿಗೆ ನಡೆಸಬೇಕು.

ಇನ್ನೊಂದು ದೋಷ ಸಣ್ಣದು, ಆದರೆ ಹುಡುಕುವುದು ಕಷ್ಟ. ‘ಗೇಮ್ ಹಳೆಯದಾಗಿದೆ, ಅಪ್‌ಡೇಟ್ ಮಾಡಿ’ ಎಂಬ ಪರದೆ ತೋರಿಸಲು ಸರ್ವರ್ ಕನಿಷ್ಠ ವರ್ಷನ್ ಸಂಖ್ಯೆಯನ್ನು ಹೋಲಿಸುತ್ತದೆ. ಆ ಹೋಲಿಕೆಯನ್ನು ಸಂಖ್ಯೆಯ ಬದಲು ಅಕ್ಷರಗಳಂತೆ ಬರೆದಿದ್ದರೆ 1.10 ಎಂಬುದು 1.9ಕ್ಕಿಂತ ಚಿಕ್ಕದಾಗುತ್ತದೆ, ಏಕೆಂದರೆ ಚುಕ್ಕಿಯ ನಂತರ ಮೊದಲು ಸಿಗುವ 1 ಎಂಬ ಅಂಕಿ 9ಕ್ಕಿಂತ ಚಿಕ್ಕದು. 1.1ರಿಂದ 1.9ರವರೆಗೆ ಎಲ್ಲವೂ ಸರಿಯಾಗಿ ನಡೆದು, ಹತ್ತನೆಯ ಅಪ್‌ಡೇಟಿನ ರಿವ್ಯೂನಲ್ಲಿ ಗೇಮ್ ತೆರೆಯುವುದೇ ಇಲ್ಲ. ಚುಕ್ಕಿಯ ಬಳಿ ಬಿಡಿಸಿ, ಪ್ರತಿ ಭಾಗವನ್ನೂ ಸಂಖ್ಯೆಯಾಗಿ ಹೋಲಿಸಿ.

ಮೂರನೆಯದು, ಹೊಸದು ಅವರ ಕಣ್ಣಿಗೆ ಬೀಳದಿರುವುದು. ಹೊಸ ಅಖಾಡ 40ನೇ ಲೆವೆಲ್ ಆದ ಮೇಲೆ ತೆರೆಯುವುದಾದರೆ, ಪರೀಕ್ಷಿಸುವವರು ಅಷ್ಟು ಹೊತ್ತು ಆಡುತ್ತಾರೆಂದು ನಿರೀಕ್ಷಿಸಬೇಡಿ. 40 ದಾಟಿದ ಡೆಮೊ ಅಕೌಂಟ್ ಕೊಡಿ, ಅದರಲ್ಲಿ ಸಾಕಷ್ಟು ನಾಣ್ಯ ತುಂಬಿ. ಅದರ ಲಾಗಿನ್‌ಗೆ ಫೋನಿಗೆ ಬರುವ ಒಟಿಪಿ ಬೇಕಾಗುವಂತಿರಬಾರದು. ಮುಂದಿನ ತಿಂಗಳು ಶುರುವಾಗುವ ಈವೆಂಟ್ ಬಿಲ್ಡ್‌ನೊಳಗೆ ಇದ್ದರೆ ಅದನ್ನೂ ರಿವ್ಯೂ ನೋಟ್ಸ್‌ನಲ್ಲಿ ಬರೆಯಿರಿ, ಡೆಮೊ ಅಕೌಂಟಿಗೆ ಈಗಲೇ ತೆರೆದುಕೊಡಿ. ಬಚ್ಚಿಟ್ಟ ಫೀಚರ್‌ಗಳನ್ನು ಗೈಡ್‌ಲೈನ್ 2.3.1 ಒಪ್ಪುವುದಿಲ್ಲ.

ಖರೀದಿಗಳ ಬಗ್ಗೆ ಎರಡು ಮಾತು. ಮೊಟ್ಟಮೊದಲ ಇನ್-ಆ್ಯಪ್ ಖರೀದಿಯನ್ನು ಆ್ಯಪ್ ವರ್ಷನ್ನಿನ ಜೊತೆಗೇ ರಿವ್ಯೂಗೆ ಕಳಿಸಬೇಕು. ಮರೆತರೆ ಅಂಗಡಿ ಪರದೆ ಖಾಲಿ ಕಾಣುತ್ತದೆ. ಹಣ ಕೊಟ್ಟು ತೆರೆಯುವ ಲೂಟ್ ಬಾಕ್ಸ್ (ಒಳಗೇನಿದೆ ಎಂದು ಮೊದಲೇ ತಿಳಿಯದ ಪೆಟ್ಟಿಗೆ) ಇದ್ದರೆ ಯಾವ ವಸ್ತು ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ಖರೀದಿಗೆ ಮುಂಚೆಯೇ ತೋರಿಸಬೇಕು. ಆಪಲ್‌ನಲ್ಲಿ ಈ ನಿಯಮ 2017ರಿಂದ ಇದೆ, ಪ್ಲೇಯಲ್ಲೂ ಉಂಟು. ಐಫೋನಿಗೆಂದೇ ಮಾಡಿದ ಗೇಮ್ ಸಾಧ್ಯವಾದಲ್ಲೆಲ್ಲ ಐಪ್ಯಾಡ್‌ನಲ್ಲೂ ಓಡಬೇಕು, ಐಪಿವಿ6 (ಹೊಸ ಮಾದರಿಯ ಇಂಟರ್ನೆಟ್ ವಿಳಾಸ) ಮಾತ್ರ ಇರುವ ನೆಟ್‌ವರ್ಕ್‌ನಲ್ಲೂ ನಡೆಯಬೇಕು. ಕೋಡಿನಲ್ಲಿ ಸರ್ವರಿನ ಐಪಿ ವಿಳಾಸವನ್ನು ನೇರವಾಗಿ ಬರೆದಿದ್ದರೆ ಅಲ್ಲಿ ಕೈಕೊಡುವ ಸಂಭವ ಹೆಚ್ಚು.

ತಿರಸ್ಕಾರ ಬಂದರೂ ತಕ್ಷಣ ಹೊಸ ಬಿಲ್ಡ್ ಮಾಡಲು ಓಡಬೇಡಿ. ಸ್ಕ್ರೀನ್‌ಶಾಟ್ ಅಥವಾ ವಿವರಣೆಯ ತಕರಾರಾದರೆ ಅದನ್ನಷ್ಟೇ ತಿದ್ದಿ ಅದೇ ಬಿಲ್ಡನ್ನು ಕಳಿಸಬಹುದು. ಈಗಾಗಲೇ ಸ್ಟೋರಿನಲ್ಲಿರುವ ಆ್ಯಪ್‌ನ ದೋಷ ದುರಸ್ತಿಯಾಗಿದ್ದರೆ, ಕಾನೂನು ಅಥವಾ ಸುರಕ್ಷತೆಯ ವಿಷಯ ಬಿಟ್ಟು ಬೇರೆ ನಿಯಮಗಳ ಕಾರಣಕ್ಕೆ ಆಪಲ್ ಅದನ್ನು ತಡೆಹಿಡಿಯುವುದಿಲ್ಲ. ‘ಈ ದುರಸ್ತಿಯನ್ನು ಈಗ ಬಿಡಿ, ಆ ತಕರಾರನ್ನು ಮುಂದಿನ ಸಬ್‌ಮಿಷನ್ನಿನಲ್ಲಿ ಸರಿಪಡಿಸುತ್ತೇವೆ’ ಎಂದು ಅದೇ ಮೆಸೇಜಿಗೆ ಉತ್ತರ ಬರೆಯಿರಿ. 2020ರಿಂದ ಇರುವ ಈ ಸೌಲಭ್ಯ ಎಷ್ಟೋ ಸಣ್ಣ ತಂಡಗಳಿಗೆ ಗೊತ್ತೇ ಇಲ್ಲ.

ಮುಂದಿನ ಸಲ ಎರಡೂ ಕಡೆ ಒಂದೇ ದಿನ ಬರಬೇಕೆಂದರೆ

ಆಪ್ ಸ್ಟೋರ್ ಕನೆಕ್ಟ್‌ನಲ್ಲಿ ವರ್ಷನ್ ಪುಟದ ಕೆಳಗೆ ಬಿಡುಗಡೆಯ ಆಯ್ಕೆಗಳಿವೆ: ತಾನಾಗಿ, ನೀವು ಒತ್ತಿದಾಗ, ಇಲ್ಲವೇ ಇಂಥ ದಿನಾಂಕಕ್ಕಿಂತ ಮುಂಚೆ ಅಲ್ಲದಂತೆ. ಎರಡನೆಯದನ್ನು ಆರಿಸಿ. ಪ್ಲೇಯಲ್ಲಿ ಮ್ಯಾನೇಜ್ಡ್ ಪಬ್ಲಿಷಿಂಗ್ ಆನ್ ಮಾಡಿ. ಯಾವ ಸ್ಟೋರ್ ಮೊದಲು ಒಪ್ಪಿದರೂ ಅದು ಇನ್ನೊಂದಕ್ಕಾಗಿ ಕಾಯುತ್ತದೆ. ಎರಡೂ ಬಂದ ಮೇಲೆ ಎರಡು ಬಟನ್ ಒತ್ತಿ. ಒತ್ತಿದ ಕೂಡಲೇ ಎಲ್ಲರಿಗೂ ಕಾಣುವುದಿಲ್ಲ. ಆಪ್ ಸ್ಟೋರಿನಲ್ಲಿ ಎಲ್ಲ ದೇಶಗಳಿಗೆ ತಲುಪಲು 24 ಗಂಟೆಯವರೆಗೂ ಹಿಡಿಯಬಹುದು. ಶುಕ್ರವಾರ ಈವೆಂಟ್ ಇದ್ದರೆ ಹಿಂದಿನ ವಾರದ ಸೋಮವಾರ ಕಳಿಸಿ, ಈ ವಾರದ ಬುಧವಾರ ಬಿಡುಗಡೆ ಮಾಡಿ ಎಂಬುದು ನಮ್ಮ ಸಲಹೆ. ಒಂದು ಸಲ ತಿರಸ್ಕಾರವಾಗಿ ಮತ್ತೆ ಕಳಿಸುವಷ್ಟು ಸಮಯ ಅದರಲ್ಲಿ ಉಳಿದಿರುತ್ತದೆ.

ಈವೆಂಟ್ ಶುರುವಾಗುವುದನ್ನು ಬಿಲ್ಡ್‌ಗೆ ಕಟ್ಟಬೇಡಿ, ಅದರ ಸ್ವಿಚ್ ಸರ್ವರಿನಲ್ಲಿರಲಿ. ಲೆವೆಲ್‌ಗಳ ವಿನ್ಯಾಸ, ಬೆಲೆ, ಶತ್ರುಗಳ ಬಲ, ಚಿತ್ರ, ಪಠ್ಯ ಇವೆಲ್ಲ ಡೇಟಾ. ಇವನ್ನು ರಿವ್ಯೂ ಇಲ್ಲದೆ ಸರ್ವರಿನಿಂದ ಇಳಿಸಬಹುದು. ಗೇಮಿನ ಸ್ವರೂಪವನ್ನೇ ಬದಲಿಸುವ ಕೋಡನ್ನು ಹೀಗೆ ಇಳಿಸಲು ಗೈಡ್‌ಲೈನ್ 2.5.2 ಬಿಡುವುದಿಲ್ಲ, ಪ್ಲೇ ಕೂಡ ಹೊರಗಿನಿಂದ ಎಕ್ಸಿಕ್ಯೂಟಬಲ್ ಕೋಡ್ ತರಿಸುವುದನ್ನು ನಿಷೇಧಿಸಿದೆ. ಈ ಗೆರೆಯೊಳಗೇ ಮಾಡಬಹುದಾದ ಕೆಲಸ ಬಹಳಷ್ಟಿದೆ. ತಿಂಗಳಿಗೆ ನಾಲ್ಕು ಅಪ್‌ಡೇಟ್ ಕಳಿಸುವ ಎಷ್ಟೋ ಗೇಮ್‌ಗಳಿಗೆ ಒಂದೇ ಸಾಕಾಗುತ್ತದೆ.

ಹಂತಹಂತದ ಬಿಡುಗಡೆಯ ವಿಷಯದಲ್ಲಿ ಮಾತ್ರ ಜಾಗರೂಕರಾಗಿರಿ, ಏಕೆಂದರೆ ಎರಡು ಸ್ಟೋರ್‌ಗಳಲ್ಲಿ ಅದರ ರೀತಿ ಬೇರೆ. ಆಪಲ್‌ನ ಫೇಸ್ಡ್ ರಿಲೀಸ್ 7 ದಿನದ್ದು: ಶೇ 1, 2, 5, 10, 20, 50, 100. ಇದು ಆಟೊ ಅಪ್‌ಡೇಟ್‌ಗೆ ಮಾತ್ರ ಅನ್ವಯ. ಸ್ಟೋರಿಗೆ ಹೋಗಿ ಅಪ್‌ಡೇಟ್ ಒತ್ತಿದವರಿಗೆ ಮೊದಲ ದಿನವೇ ಸಿಗುತ್ತದೆ. ಪ್ಲೇಯ ಸ್ಟೇಜ್ಡ್ ರೋಲ್‌ಔಟ್‌ನಲ್ಲಿ ಶೇಕಡಾವಾರನ್ನು ನೀವೇ ಇಡುತ್ತೀರಿ, ಆ ಪಾಲಿಗೆ ಸೇರದವರಿಗೆ ಅಪ್‌ಡೇಟ್ ಕಾಣುವುದೇ ಇಲ್ಲ. ಈಗ ಶೇ 20ಕ್ಕೆ ಬಿಟ್ಟು, ಸರ್ವರಿನಲ್ಲಿ ಕನಿಷ್ಠ ವರ್ಷನ್ ಏರಿಸಿದಿರಿ ಎನ್ನಿ. ಉಳಿದ ಶೇ 80 ಮಂದಿಗೆ ಗೇಮ್ ‘ಅಪ್‌ಡೇಟ್ ಮಾಡಿ’ ಎನ್ನುತ್ತದೆ, ಸ್ಟೋರಿಗೆ ಹೋದರೆ ಅಲ್ಲಿ ‘ಓಪನ್’ ಬಟನ್ ಮಾತ್ರ. ಅವರು ಆಡುವ ಹಾಗೂ ಇಲ್ಲ, ಅಪ್‌ಡೇಟ್ ಮಾಡುವ ಹಾಗೂ ಇಲ್ಲ. ಒಂದು ಸ್ಟಾರ್ ರೇಟಿಂಗ್‌ಗಳ ಸುರಿಮಳೆಗೆ ಇಷ್ಟು ಸಾಕು.

ಏನಾದರೂ ಕೆಟ್ಟರೆ ಹಳೆಯ ವರ್ಷನ್ನಿಗೆ ಹಿಂತಿರುಗಿಸುವ ಆಸೆ ಬೇಡ. ರೋಲ್‌ಔಟ್ ನಿಲ್ಲಿಸಬಹುದು, ಆದರೆ ಈಗಾಗಲೇ ಪಡೆದವರ ಬಳಿ ಅದು ಉಳಿಯುತ್ತದೆ. ಹಳೆಯ ಕೋಡನ್ನೇ ಕೊಡುವುದಾದರೂ ಹೆಚ್ಚಿನ ವರ್ಷನ್ ಕೋಡ್ (ಬಿಲ್ಡ್‌ನ ಕ್ರಮಸಂಖ್ಯೆ) ಹಾಕಿ, ಮತ್ತೆ ರಿವ್ಯೂ ದಾಟಿಸಬೇಕು.

ಇನ್ನು ಈವತ್ತು ಮಾಡಬೇಕಾದದ್ದು. ಆಂಡ್ರಾಯ್ಡ್‌ನಲ್ಲಿ ಕನಿಷ್ಠ ವರ್ಷನ್ ಏರಿಸಿದ್ದರೂ ಐಫೋನಿಗೆ ಏರಿಸಬೇಡಿ, ಪ್ಲಾಟ್‌ಫಾರ್ಮ್‌ಗೊಂದು ಬೇರೆ ಸಂಖ್ಯೆ ಇಟ್ಟುಕೊಳ್ಳಿ. ಎರಡೂ ಕಡೆಯವರು ಒಟ್ಟಿಗೆ ಆಡುವ ಪಂದ್ಯಗಳಲ್ಲಿ ಹೊಸ ಫೀಚರನ್ನು ಸರ್ವರಿನಿಂದ ಸದ್ಯಕ್ಕೆ ಆಫ್ ಮಾಡಿ. ಆಪ್ ಸ್ಟೋರ್ ಪುಟದ ‘ಪ್ರೊಮೋಷನಲ್ ಟೆಕ್ಸ್ಟ್’ನಲ್ಲಿ 170 ಅಕ್ಷರಗಳವರೆಗೆ ಬರೆಯಬಹುದು, ಅದಕ್ಕೆ ರಿವ್ಯೂ ಬೇಕಿಲ್ಲ. ಅಪ್‌ಡೇಟ್ ಆಪಲ್ ಪರಿಶೀಲನೆಯಲ್ಲಿದೆ, ನಿಮ್ಮ ಅಂಕ ಮತ್ತು ಬಹುಮಾನಗಳು ಹಾಗೇ ಇವೆ ಎಂದು ಅಲ್ಲೂ ಗೇಮಿನೊಳಗೂ ಬರೆಯಿರಿ. ದಿನಾಂಕದ ಭರವಸೆ ಕೊಡಬೇಡಿ. ಅನುಮೋದನೆ ಬಂದು ಬಿಡುಗಡೆ ಒತ್ತಿದ ಮೇಲೆ, ಹಳೆಯ ವರ್ಷನ್ ಇರುವ, ಟೆಸ್ಟ್‌ಫ್ಲೈಟ್ (ಪರೀಕ್ಷಾ ಆವೃತ್ತಿ ಹಂಚುವ ಆಪಲ್‌ನ ಆ್ಯಪ್) ಬಿಲ್ಡ್ ಇಲ್ಲದ ಒಂದು ಫೋನಿನಲ್ಲಿ ಸ್ಟೋರ್ ತೆರೆದು ಅಪ್‌ಡೇಟ್ ಬಟನ್ ಬಂದಿದೆಯೇ ನೋಡಿ. ಬಂದ ಮೇಲೂ ಒಂದು ದಿನ ಬಿಟ್ಟು ಐಫೋನಿನ ಕನಿಷ್ಠ ವರ್ಷನ್ ಏರಿಸಿ.