ಸುರುಳಿ ಹೋಯಿತು, ಮತ್ತೆ ಬಂತು

ಪುಸ್ತಕದಲ್ಲಿ ಓದಿದ ಸಾಲು ನೆನಪಾದರೆ ಎಷ್ಟೋ ಸಲ ಅದರ ಜಾಗವೂ ನೆನಪಾಗುತ್ತದೆ. ಎಡಗಡೆ ಪುಟ, ಕೆಳಗಿನಿಂದ ನಾಲ್ಕನೇ ಸಾಲು, ಮೂಲೆ ಮಡಚಿದ ಹಾಳೆ. ಅದೇ ಸಾಲು ಮೊಬೈಲಿನಲ್ಲಿದ್ದರೆ? ಮೊನ್ನೆ ಉದ್ದದ ಲೇಖನವೊಂದರ ಒಂದು ಮಾತು ಮತ್ತೆ ಬೇಕಾಯಿತು. ಹೆಬ್ಬೆರಳು ನೋಯುವಷ್ಟು ಮೇಲೆ ಕೆಳಗೆ ಸವರಿದೆ. ಸಿಗಲೇ ಇಲ್ಲ. ಎಲ್ಲೋ ಮಧ್ಯದಲ್ಲಿತ್ತು, ಅಷ್ಟೇ ನೆನಪು.

ಈ ತಾಪತ್ರಯ ಹಳೆಯದು. ಗ್ರೀಕರು, ರೋಮನ್ನರು ಓದುತ್ತಿದ್ದುದು ಸುರುಳಿಗಳನ್ನು. ಒಂದು ಕೈಯಲ್ಲಿ ಬಿಚ್ಚುತ್ತಾ ಇನ್ನೊಂದರಲ್ಲಿ ಸುತ್ತಬೇಕು. ಹಿಂದಿನದ್ದು ನೋಡಬೇಕೆಂದರೆ ಅಷ್ಟನ್ನೂ ಮತ್ತೆ ಸುತ್ತಬೇಕು. ಹಾಳೆ ಹೊಲಿದ ಪುಸ್ತಕ ಕ್ರಿ.ಶ. ಮೊದಲ ಶತಮಾನದಲ್ಲಿ ಕಾಣಿಸಿಕೊಂಡು 4ನೇ ಶತಮಾನದ ಹೊತ್ತಿಗೆ ಸುರುಳಿಯನ್ನು ಹಿಂದೆ ಹಾಕಿತು. ಪದಗಳ ನಡುವೆ ಜಾಗ ಬಿಡುವ ರೂಢಿಯನ್ನು 7ನೇ ಶತಮಾನದ ಸುಮಾರಿಗೆ ಬೆಳೆಸಿದವರು ಐರ್ಲೆಂಡಿನ ಸನ್ಯಾಸಿಗಳು. ಬಾಯಿ ಬಿಡದೆ ಓದುವುದು ಅದರಿಂದ ಸುಲಭವಾಯಿತು. ನಮ್ಮ ಏಕಾಗ್ರ ಓದು ಬೆಳೆದದ್ದು ಇಂಥ ಸಣ್ಣಪುಟ್ಟ ಅನುಕೂಲಗಳಿಂದಲೇ.

ಕಂಪ್ಯೂಟರ್ ಜೊತೆಗೆ ಸುರುಳಿ ವಾಪಸ್ ಬಂತು. ಹೆಸರೂ ಅದೇ, ಸ್ಕ್ರೋಲ್! 1997ರಲ್ಲಿ ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ ಪರೀಕ್ಷಿಸಿ ನೋಡಿದಾಗ ಶೇ. 79 ಮಂದಿ ವೆಬ್ ಪುಟದ ಮೇಲೆ ಸುಮ್ನೆ ಕಣ್ಣಾಡಿಸುತ್ತಿದ್ದರು. ಪದ ಪದ ಓದಿದವರು ಶೇ. 16 ಮಾತ್ರ. ಐಫೋನ್ ಬರಲು ಇನ್ನೂ ಹತ್ತು ವರ್ಷ ಇತ್ತು ನೋಡಿ. 2006ರಲ್ಲಿ ಸಾಫ್ಟ್‌ವೇರ್ ವಿನ್ಯಾಸಕ ಏಜಾ ರಾಸ್ಕಿನ್ ಕೊನೆಯೇ ಇಲ್ಲದ ಸ್ಕ್ರೋಲ್ ರೂಪಿಸಿದರು. ‘ಮುಂದಿನ ಪುಟ’ ಒತ್ತುವ ಮುಂಚೆ ‘ಸಾಕಾ, ಇನ್ನೂ ಬೇಕಾ’ ಅಂತ ಯೋಚಿಸಲು ಒಂದು ಕ್ಷಣ ಇತ್ತಲ್ವಾ, ಅದೂ ಹೋಯಿತು. ಮುಂದೆ ಅವರೇ ಇದಕ್ಕೆ ಪಶ್ಚಾತ್ತಾಪಪಟ್ಟರು.

ನಮ್ಮ ಗಮನ ಗೋಲ್ಡ್‌ಫಿಶ್‌ಗಿಂತ ಕಡೆ, ಬರೀ 8 ಸೆಕೆಂಡು ಅನ್ನುವ ಮಾತು ಕೇಳಿರುತ್ತೀರಿ. ಅದಕ್ಕೆ ಬುಡವಿಲ್ಲ. ಗಮನದ ಬಗ್ಗೆ ಸಂಶೋಧನೆ ಮಾಡುವ ಮನಶ್ಶಾಸ್ತ್ರಜ್ಞೆ ಗ್ಲೋರಿಯಾ ಮಾರ್ಕ್ ಅಳೆದದ್ದು ಬೇರೆ: ಒಂದು ಪರದೆಯಿಂದ ಇನ್ನೊಂದಕ್ಕೆ ಹಾರುವ ಮುನ್ನ ಜನ ಎಷ್ಟು ಹೊತ್ತು ನಿಲ್ಲುತ್ತಾರೆ ಅನ್ನುವುದನ್ನು. 2004ರಲ್ಲಿ ಸುಮಾರು ಎರಡೂವರೆ ನಿಮಿಷ ಇದ್ದದ್ದು ಈಚೆಗೆ 47 ಸೆಕೆಂಡಿಗೆ ಇಳಿದಿದೆ. ಹಾರುವ ಚಾಳಿ ಜಾಸ್ತಿಯಾಗಿದೆ ಅನ್ನಬಹುದು. ಗಮನ ಕೊಡುವ ಶಕ್ತಿಯೇ ಸತ್ತಿದೆ ಅಂತ ಇದರಿಂದ ಹೇಳಲಾಗದು.

ಕಾಗದದ ಓದನ್ನೂ ಪರದೆಯ ಓದನ್ನೂ ಹೋಲಿಸಿದ 54 ಅಧ್ಯಯನಗಳನ್ನು 2018ರಲ್ಲಿ ಸಂಶೋಧಕರು ಒಟ್ಟಿಗಿಟ್ಟು ನೋಡಿದರು. ಓದಿದವರ ಸಂಖ್ಯೆ 1,70,000ಕ್ಕೂ ಹೆಚ್ಚು. ಕಾಗದದಲ್ಲಿ ಓದಿದವರಿಗೆ ವಿಷಯ ತುಸು ಚೆನ್ನಾಗಿ ಅರ್ಥವಾಗಿತ್ತು. ಸಮಯಕ್ಕೆ ಮಿತಿ ಹಾಕಿದಾಗ ಅಂತರ ಇನ್ನೂ ಹೆಚ್ಚಿತ್ತು. ಕಥೆಯಾದರೆ ಮಾತ್ರ ಅಂಥ ವ್ಯತ್ಯಾಸ ಇರಲಿಲ್ಲ.

ಆದರೆ ಮರುವರ್ಷ ನಾರ್ವೆಯ ಸಂಶೋಧಕಿ ಆನ್ ಮಾಂಗೆನ್ ಮತ್ತು ಜೊತೆಗಾರರು ಕಥೆಯಲ್ಲೂ ಒಂದು ವಿಚಿತ್ರ ಕಂಡರು. 50 ಜನ, 28 ಪುಟದ ಒಂದು ಪತ್ತೇದಾರಿ ಕಥೆ. ಅರ್ಧ ಜನಕ್ಕೆ ಪುಸ್ತಕ, ಅರ್ಧ ಜನಕ್ಕೆ ಕಿಂಡಲ್ ಎಂಬ ಇ-ಪುಸ್ತಕ ಓದುವ ಸಾಧನ. ಬಹುಪಾಲು ಪ್ರಶ್ನೆಗಳಲ್ಲಿ ಎರಡೂ ಗುಂಪು ಸಮಸಮ. ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ಅಂತ ಕೇಳಿದಾಗ ಕಿಂಡಲ್‌ನವರು ಹಿಂದೆ ಬಿದ್ದರು. ಕಿಂಡಲ್‌ನಲ್ಲಿ ಸುರುಳಿಯಿಲ್ಲ, ಪುಟವೇ ಇದೆ. ಆದರೆ ಓದಿದ ಹಾಳೆಗಳು ಎಡಗೈಯಲ್ಲಿ ದಪ್ಪವಾಗುತ್ತಾ, ಉಳಿದವು ಬಲಗೈಯಲ್ಲಿ ತೆಳುವಾಗುತ್ತಾ ಬರುವುದು ಅದರಲ್ಲಿ ಗೊತ್ತಾಗುವುದಿಲ್ಲ.