ಮೈಕ್ ಮುಂದೆ ನಿಂತರೆ ಬಾಯಿ ಒಣಗುತ್ತದೆ, ಏನು ಮಾಡಲಿ?

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ. ಮನೆಯಲ್ಲಿ ಕನ್ನಡ, ಹೊರಗೆಲ್ಲ ಮರಾಠಿ, ಹಿಂದಿ. ರಾಜ್ಯೋತ್ಸವಕ್ಕೆ ಮಾಟುಂಗದ ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ ಹತ್ತು ನಿಮಿಷ ಮಾತಾಡಬೇಕಿದೆ. ನೆನೆದರೇ ಕೈ ನಡುಗುತ್ತದೆ. ಈ ಸಭಾಕಂಪನ ಹೋಗುವುದು ಹೇಗೆ?

ಉತ್ತರ: ಪೂರ್ತಿ ಹೋಗಲಿಕ್ಕಿಲ್ಲ, ಹೋಗಬೇಕಾಗಿಯೂ ಇಲ್ಲ. ಅಪಾಯವಿದೆ ಎಂದು ಮಿದುಳಿಗೆ ಅನಿಸಿದೊಡನೆ ಅಡ್ರಿನಲಿನ್ ಹರಿಯುತ್ತದೆ, ಎದೆ ಬಡಿತ ಏರುತ್ತದೆ, ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುತ್ತ ಬಂದರೆ ಬಡಿತ ಸ್ವಲ್ಪ ಇಳಿಯುತ್ತದೆ. ಇನ್ನೊಂದು ಸಮಾಧಾನ: ನಿಮ್ಮ ನಡುಕ ನಿಮಗೆ ಕಂಡಷ್ಟು ಸಭೆಗೆ ಕಾಣುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಸಂಗತಿಯನ್ನು ಮೊದಲೇ ತಿಳಿದುಕೊಂಡವರು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು.

ಆದರೆ ನಿಜವಾದ ತೊಡಕು ಗಮನ ಎಲ್ಲಿದೆ ಎಂಬುದರಲ್ಲಿದೆ. ‘ನಾನು ಹೇಗೆ ಕಾಣುತ್ತಿದ್ದೇನೆ, ನನ್ನ ಕನ್ನಡ ಸರಿಯಿದೆಯೇ’ ಎಂದು ನಮ್ಮನ್ನೇ ನಾವು ಕಾವಲು ಕಾಯುವಷ್ಟು ಹೊತ್ತೂ ಭಯ ಬೆಳೆಯುತ್ತದೆ. ಮುಂಬಯಿಯಲ್ಲಿ ತಾಳಮದ್ದಳೆಗೆ, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನಕ್ಕೆ, ಕೊರತೆಯಿಲ್ಲ. ಒಮ್ಮೆ ಹೋಗಿ ಅದರಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳನ್ನೇ ನೋಡಿ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಹಾಡುವ ಭಾಗವತರ ಪದ್ಯ ಮುಗಿದೊಡನೆ ಅರ್ಥ ಹೇಳಬೇಕು, ಎದುರಿನವರು ಎತ್ತಿದ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಬೇಕು. ಕಿವಿಯೆಲ್ಲ ಎದುರಿನವರ ಮಾತಿನಲ್ಲಿ ನೆಟ್ಟಿರುವಾಗ ತನ್ನ ಬಗ್ಗೆ ಯೋಚಿಸಲು ಅವರಿಗೆ ಪುರಸೊತ್ತೆಲ್ಲಿ? ಭಾಷಣಕಾರರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ನೀವೂ ಎದುರಿನವರನ್ನು ಹಿಡಿದುಕೊಳ್ಳಿ. ಅರ್ಧ ಗಂಟೆ ಮೊದಲೇ ಹೋಗಿ, ಬಂದವರ ಜೊತೆ ಊರು-ಕೇರಿ ಮಾತಾಡಿ. ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ರವಿವಾರದ ಮೆಗಾಬ್ಲಾಕ್‌ನಲ್ಲಿ ಎರಡು ಗಾಡಿ ಬದಲಿಸಿ ಬಂದವರು ನಿಮ್ಮ ತಪ್ಪು ಎಣಿಸಲು ಬಂದಿರುವುದಿಲ್ಲ. ವೇದಿಕೆ ಹತ್ತಿದಾಗ ಆ ಮುಖಗಳನ್ನೇ ಹುಡುಕಿ. ಒಂದು ವಾಕ್ಯವನ್ನು ಒಬ್ಬರಿಗೇ ಪೂರ್ತಿ ಹೇಳಿ ಮುಗಿಸಿ, ಆಮೇಲೆ ಇನ್ನೊಬ್ಬರ ಕಡೆ ತಿರುಗಿ. ಹಿಂದಿನ ಗೋಡೆ ನೋಡುತ್ತ ಮಾತಾಡಿ ಎಂದು ಕೆಲವರು ಹೇಳುತ್ತಾರೆ, ದಯವಿಟ್ಟು ಅದನ್ನು ಕೇಳಬೇಡಿ. ಗೋಡೆ ತಲೆದೂಗುವುದಿಲ್ಲ.

ಇಡೀ ಭಾಷಣ ಬಾಯಿಪಾಠ ಮಾಡಬೇಡಿ, ಒಂದು ಪದ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಮೊದಲ ಎರಡು ವಾಕ್ಯ ಗಟ್ಟಿಯಾಗಿರಲಿ, ಉಳಿದದ್ದಕ್ಕೆ ಚೀಟಿಯಲ್ಲಿ ಮೂರು ವಿಷಯ ಸಾಕು.

ಇನ್ನು ಕನ್ನಡದ ಅಳುಕು. ಸಭೆಯಲ್ಲಿ ಕೂತವರ ಮನೆಯ ಮಕ್ಕಳೂ ನಿಮ್ಮ ಹಾಗೇ ಮಾತಾಡುತ್ತಾರೆ. ಮಧ್ಯೆ ಮರಾಠಿ ಪದವೇ ನಾಲಿಗೆಗೆ ಬಂದರೆ ಬರಲಿ, ‘ಇದಕ್ಕೆ ಕನ್ನಡದಲ್ಲಿ ಏನನ್ನುತ್ತೇವೆ?’ ಎಂದು ಮುಂದಿನ ಸಾಲಿನವರನ್ನೇ ಕೇಳಿ. ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಪದ ಎತ್ತಿಕೊಂಡು, ಮುಂದಿನ ವಾಕ್ಯವನ್ನು ಅವರಿಗೇ ಹೇಳಿ.